ಬೀಳುವವನು ಮೆಚ್ಚದ ಸಿನಿಮಾ

ನನ್ನ ಮಗಳು ಬ್ರಿಂಡಿ ದಿನಕ್ಕೆ ಹತ್ತಾರು ಸಲ ಸಾಯುತ್ತಾಳೆ. ಅಡುಗೆಮನೆಯಲ್ಲಿ ಸಾಯುತ್ತಾಳೆ, ಚರ್ಚಿನ ಮೆಟ್ಟಿಲ ಮೇಲೆ ಸಾಯುತ್ತಾಳೆ, ಹಲ್ಲುಜ್ಜುತ್ತಿದ್ದವಳು ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡು ಸ್ನಾನದ ತೊಟ್ಟಿಯೊಳಕ್ಕೆ ಉರುಳುತ್ತಾಳೆ. ಆರು ವರ್ಷದ ಹುಡುಗಿ. ಪ್ರತಿ ಸಲವೂ ನಾನು ಕೈಲಿದ್ದದ್ದನ್ನು ಎಸೆದು ಓಡುತ್ತೇನೆ. ಪ್ರತಿ ಸಲವೂ ಅವಳು ಒಂದೇ ಒಂದು ಕಣ್ಣು ತೆರೆದು, "ಅಮ್ಮಾ, ಸತ್ತವರನ್ನ ಮುಟ್ಟಬಾರದು, ಕ್ಯಾಮೆರಾ ಓಡ್ತಿದೆ" ಅನ್ನುತ್ತಾಳೆ. ಯಾವತ್ತೋ ಒಂದು ದಿನ ಆ ಕಣ್ಣು ತೆರೆಯದಿದ್ದರೆ ಅನ್ನುವ ಹುಳ ನನ್ನ ತಲೆ ಹೊಕ್ಕು ಕೂತಿದೆ. ಪಾತ್ರೆ ತೊಳೆಯುವಾಗಲೂ ಕೊರೆಯುತ್ತದೆ, ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗಲೂ ಕೊರೆಯುತ್ತದೆ.

ಅವಳಿಗೆ ಸಾಯುವುದನ್ನು ಕಲಿಸಿದವರು ನನ್ನ ಮಾವ, ವರ್ಲ್ ಹೆಮಿಂಗ್. ಅವರ ಕಸುಬೇ ಅದು. ನಮ್ಮೂರಿನ ಕೆಂಪು ಬಂಡೆಗಳ ಬುಡದಲ್ಲಿ ಕೌಬಾಯ್ ಸಿನಿಮಾ ತೆಗೆಯುತ್ತಿದ್ದ ಕಾಲದಲ್ಲಿ ಮಾವ ಕುದುರೆಯ ಮೇಲಿಂದ ಬೀಳುತ್ತಿದ್ದರು. ಗುಂಡು ತಾಗಿ ಬಿದ್ದರು, ಬಾಣ ತಾಗಿ ಬಿದ್ದರು, ಹೋಟೆಲಿನ ಮಾಳಿಗೆಯಿಂದ ಬಿದ್ದರು. ಬೆಳಿಗ್ಗೆ ಸೈನಿಕನಾಗಿ ಬಿದ್ದವರು ಮಧ್ಯಾಹ್ನ ಅಂಗಿ ಬದಲಿಸಿಕೊಂಡು, ಅದೇ ಸೈನಿಕನನ್ನು ಕೊಂದ ದರೋಡೆಕೋರನಾಗಿ ಬಿದ್ದರು. ಮುಖ ಕಾಣಿಸಿದ್ದು ಕಡಿಮೆ. ಹೆಸರು ಬಂದಿದ್ದು ಎಲ್ಲೂ ಇಲ್ಲ. ಈಗ ನಮ್ಮ ಮನೆಯ ಹಿಂದಿನ ಟ್ರೈಲರಿನಲ್ಲಿ, ಗಾಲಿಯ ಮೇಲಿನ ಪುಟ್ಟ ಮನೆಯಲ್ಲಿ, ಒಬ್ಬರೇ ಇದ್ದಾರೆ. ಎಡ ಸೊಂಟ ಎಳೆದು ನಡೆಯುತ್ತಾರೆ. ಊಟಕ್ಕೆ ನಮ್ಮಲ್ಲಿಗೆ ಬಂದು, ಮಾಂಸ ಬೆಂದಿಲ್ಲ ಅನ್ನುತ್ತಾರೆ, ಪೂರ್ತಿ ತಿನ್ನುತ್ತಾರೆ.

ನಾನು ಸಾಲ್ಟ್ ಲೇಕ್ ಪಟ್ಟಣದಲ್ಲಿ ಓದಿ ಬೆಳೆದವಳು. ಮದುವೆಯಾಗಿ ಈ ಊರಿಗೆ ಬಂದ ಮೊದಲ ಶನಿವಾರ ನನ್ನ ಗಂಡ ಥೇನ್ ನನ್ನನ್ನು ತಾನು ಕೆಲಸ ಮಾಡುವ ಮೇವಿನ ಅಂಗಡಿಗೆ ಕರೆದುಕೊಂಡು ಹೋಗಿದ್ದ. ಅದು ಲಮಾರ್ ಎಗನ್ ಅನ್ನುವವರ ಅಂಗಡಿ. ಸಿನಿಮಾ ತೆಗೆಯುತ್ತಿದ್ದ ಕಾಲದಲ್ಲಿ ಅವರೂ ಸೆಟ್ಟಿನಲ್ಲಿ ಕೈಕೆಲಸ ಮಾಡುತ್ತಿದ್ದವರು. ಶನಿವಾರ ಬೆಳಿಗ್ಗೆ ಊರ ಗಂಡಸರೆಲ್ಲ ಅಲ್ಲಿ ಹುಲ್ಲಿನ ಪಿಂಡಿಗಳ ಮೇಲೆ ಕೂತು ರೂಟ್ ಬಿಯರ್ ಅನ್ನುವ ಮತ್ತಿಲ್ಲದ ಸೋಡಾ ಕುಡಿಯುತ್ತಾರೆ. ಹೊಸಬರು ಯಾರೇ ಬರಲಿ, ಎರಡು ಪ್ರಶ್ನೆಗೆ ಉತ್ತರ ಕೊಡದೆ ಓಟ್ಸ್ ತೂಗಿಸಿಕೊಳ್ಳುವ ಹಾಗಿಲ್ಲ. ನಿನ್ನ ಮೆಚ್ಚಿನ ಕೌಬಾಯ್ ಸಿನಿಮಾ ಯಾವುದು, ಕಂಡರಾಗದ್ದು ಯಾವುದು.

"ನಾನು ಒಂದೂ ನೋಡಿಲ್ಲ" ಅಂದೆ.

ಲಮಾರ್ ಥೇನ್ ಕಡೆ ತಿರುಗಿ, "ಏನಯ್ಯಾ, ಇವಳನ್ನ ವಾಪಸ್ ಕೊಡೋಕೆ ಇನ್ನೂ ಟೈಮ್ ಇದೆಯಾ?" ಅಂದರು. ಎಲ್ಲರೂ ನಕ್ಕರು. ಮಾವನೂ ನಕ್ಕರು. ಅವತ್ತಿಂದ ಅವರಿಗೆ ನಾನು 'ಪಟ್ಟಣದಮ್ಮ'.

ನಮ್ಮೂರಲ್ಲಿ ಸಿನಿಮಾ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಅದರಲ್ಲಿ ಯಾರ ಅಜ್ಜಿ ಬೀದಿ ದಾಟಿದ್ದಾಳೆ ಅನ್ನುವುದರ ಮೇಲೆ ತೀರ್ಮಾನವಾಗುತ್ತದೆ. ಒಬ್ಬರ ಕೊಟ್ಟಿಗೆ ಸುಟ್ಟ ಸಿನಿಮಾ ಅವರಿಗೆ ಮೆಚ್ಚಿನದು. ಒಬ್ಬರ ಚಿಕ್ಕಪ್ಪನ ದೃಶ್ಯವನ್ನು ಕತ್ತರಿಸಿ ತೆಗೆದ ಸಿನಿಮಾ ಅವರ ಮನೆಯವರಿಗೆಲ್ಲ ಮೂರು ತಲೆಮಾರಿಗೆ ಕಂಡರಾಗದ್ದು. ಆದರೆ ಒಂದು ಸಿನಿಮಾದ ವಿಷಯಕ್ಕೆ ಇಡೀ ಊರು ಒಂದೇ. 'ಕೆಂಪು ಗೋಡೆಯಾಚೆ'. ಅದರಲ್ಲಿ ಉರಿಯುವ ಬಂಡಿಯ ಮುಂದೆ ಪೂರಾ ವೇಗದಲ್ಲಿ ಬರುವ ಕುದುರೆಯೊಂದು ಸವಾರನ ಸಮೇತ ಮುಗ್ಗರಿಸಿ, ಕತ್ತು ಕೆಳಗಾಗಿ ಮಗುಚಿ ಬೀಳುತ್ತದೆ. ಅಂಥ 'ಬೀಳು', ಬೀಳುವ ದೃಶ್ಯವನ್ನು ನಮ್ಮೂರವರು ಕರೆಯುವುದೇ ಹಾಗೆ, ಇನ್ನೊಂದು ಸಿನಿಮಾದಲ್ಲಿಲ್ಲ ಅನ್ನುತ್ತಾರೆ. ಊರ ನೀರಿನ ಟ್ಯಾಂಕಿನ ಮೇಲೆ ಅದೇ ಚಿತ್ರ ಬರೆಸಿದ್ದಾರೆ. ಆ ಸವಾರ ನನ್ನ ಮಾವ.

ಕಂಡರಾಗದ ಸಿನಿಮಾ ಯಾವುದು ಅಂದರೆ ಮಾವ ಅದರ ಹೆಸರನ್ನೇ ಹೇಳುತ್ತಾರೆ. ಪ್ರತಿ ಶನಿವಾರ ಹೇಳುತ್ತಾರೆ, ಪ್ರತಿ ಶನಿವಾರ ಅಂಗಡಿಯಲ್ಲಿ ಕೂತವರೆಲ್ಲ ನಗುತ್ತಾರೆ.

"ಟ್ಯಾಂಕಿನ ಮೇಲೆ ತನ್ನ ಮುಖ ಬರೆದಿಲ್ಲ ಅಂತ ಹೊಟ್ಟೆ ಉರಿ ಇವನಿಗೆ."

"ಮುಖ ಬರೆದಿದ್ರೆ ನೀರು ಕುಡೀತಿದ್ರೇನಯ್ಯಾ ಜನ?" ಅನ್ನುತ್ತಾನೆ ಇನ್ನೊಬ್ಬ.

"ಸರಿ ವರ್ಲ್, ಮೆಚ್ಚಿನದು ಯಾವುದು ಹೇಳು. ಹೇಳು, ನಗಬೇಕು."

ಮೆಚ್ಚಿನದು 'ಏಳು ಬಾವಿಗಳ ದಾರಿ'. ಅಷ್ಟು ಕೆಟ್ಟ ಸಿನಿಮಾ ನಾನು ಆಮೇಲೂ ನೋಡಿಲ್ಲ. ನಾಯಕನ ಬಿಳಿ ಅಂಗಿ ಮರುಭೂಮಿಯ ಉದ್ದಕ್ಕೂ ಮಾಸುವುದಿಲ್ಲ. ಮಾವನಿಗೆ ಅದರಲ್ಲಿ ಒಂದು ಮಾತು ಇದೆ, "ಬಾವಿ ಬತ್ತಿದೆ" ಅಂತ. ಅಂದವರು ಸಾಯುತ್ತಾರೆ. ಆ ಒಂದು ಮಾತಿಗಾಗಿ ಮುದುಕ ಅದನ್ನು ತಲೆ ಮೇಲೆ ಹೊತ್ತು ಕುಣಿಯುತ್ತಾನೆ ಎಂದು ಊರು ಅಂದುಕೊಂಡಿತ್ತು. ನಾನೂ ಹಾಗೇ ಅಂದುಕೊಂಡಿದ್ದೆ.

ಪ್ರತಿ ಆಗಸ್ಟಿನಲ್ಲಿ ಊರಲ್ಲಿ ಸಿನಿಮಾ ಹಬ್ಬ. ಹೊರಗಿನಿಂದ ಬಸ್ಸುಗಟ್ಟಲೆ ಜನ ಬರುತ್ತಾರೆ. ಹಬ್ಬ ನಡೆಸುವವರು ಲಮಾರ್. ಬಂಡೆಯ ಬುಡದ ಬಯಲಲ್ಲಿ ಸಿನಿಮಾ ತೋರಿಸಿದ ಮೇಲೆ ಅವರು ಮೈಕ್ ಹಿಡಿದು, "ನಮ್ಮೂರು ಬದುಕಲಿ ಅಂತ ಒಂದು ಕುದುರೆ ಕೊಂದವನು ಇಲ್ಲೇ ಇದ್ದಾನೆ" ಎಂದು ಮಾವನನ್ನು ವೇದಿಕೆಗೆ ಕರೆಯುತ್ತಾರೆ. ಖಾಲಿ ಪಿಸ್ತೂಲು ಹಾರಿಸುತ್ತಾರೆ. ಮಾವ ಹುಲ್ಲಿನ ಮೇಲೆ ಬೀಳಬೇಕು. ಜನ ಫೋಟೋ ತೆಗೆದುಕೊಳ್ಳುತ್ತಾರೆ. ಕಾಲಿಗೆ ಪಟ್ಟಿ ಹಾಕಿದ್ದ ವರ್ಷವೂ ಬಿಡಲಿಲ್ಲ. ಕುರ್ಚಿಯ ಮೇಲೆ ಕೂರಿಸಿಯೇ ಗುಂಡು ಹಾರಿಸಿದರು, ಮಾವ ಕುರ್ಚಿಯಿಂದ ಜಾರಿದರು. ಅದಕ್ಕೇ ಹೆಚ್ಚು ಚಪ್ಪಾಳೆ ಬಿತ್ತು. ಕೊನೆಗೆ ಒಂದು ತಟ್ಟೆ ಸುಟ್ಟ ದನದ ಮಾಂಸ, ಆಲೂಗಡ್ಡೆ. ಥೇನ್‌ಗೆ ಇದರಲ್ಲಿ ತಪ್ಪೇನೂ ಕಾಣಿಸುತ್ತಿರಲಿಲ್ಲ. "ಅಪ್ಪನಿಗೆ ಇಷ್ಟ ಕಣೇ. ಇಲ್ಲದಿದ್ರೆ ಯಾಕೆ ಹೋಗ್ತಾರೆ?" ಅನ್ನುತ್ತಿದ್ದ. ಲಮಾರ್ ಅವನ ಧಣಿ, ಚರ್ಚಿನಲ್ಲೂ ಹಿರಿಯರು. ಇನ್ನೇನು ತಾನೇ ಅಂದಾನು.

ಈ ವರ್ಷ ಲಮಾರ್ ಹೊಸದೊಂದು ಹುಡುಕಿದರು. ಚರ್ಚಿನ ಹೊರಗೆ ಬ್ರಿಂಡಿ ಸತ್ತು ಬಿದ್ದಿದ್ದನ್ನು ನೋಡಿ ಕಣ್ಣು ಹೊಳೆಯಿಸಿಕೊಂಡು ಬಂದು, "ಸಿಸ್ಟರ್ ಹೆಮಿಂಗ್, ಈ ಸಲ ತಾತ ಬೇಡ, ಮೊಮ್ಮಗಳು ಬೀಳಲಿ. ಮರಿ ಕುದುರೆ ಮೇಲಿಂದ. ಅದೇ ಜಾಗ, ಅದೇ ಬೀಳು. ಜನ ಅತ್ತುಬಿಡ್ತಾರೆ" ಅಂದರು. ನಮ್ಮ ಚರ್ಚಿನಲ್ಲಿ ಹೆಂಗಸರನ್ನು ಹಾಗೇ ಕರೆಯುವುದು, ಸಿಸ್ಟರ್ ಅಂತ. ಅಕ್ಕರೆ ಇರಲೇಬೇಕೆಂದಿಲ್ಲ. ಯೋಚಿಸಿ ಫೋನ್ ಮಾಡಿ ಎಂದು ನಂಬರ್ ಕೊಟ್ಟರು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಬೇಡ ಅನ್ನೋಣವೆಂದರೆ ಬ್ರಿಂಡಿ ಕುಣಿಯುತ್ತಿದ್ದಳು. ಥೇನ್ ಉಬ್ಬಿಹೋಗಿದ್ದ. ಮಾವ ಮಾತ್ರ ತುಂಬ ಹೊತ್ತು ಗಲ್ಲ ತುರಿಸಿಕೊಂಡು, "ಬೀಳೋ ಕಡೆ ನೆಲ ಅಗೆದು ಮೆತ್ತಗೆ ಮಾಡಿ ಕೊಡ್ತಾರಂತಾ?" ಎಂದು ಕೇಳಿದರು.

"ಕೊಡ್ತಾರಂತೆ."

"ಸರಿ ಹಾಗಾದ್ರೆ. ನಾನು ಕಲಿಸ್ತೀನಿ."

ಮರುದಿನವೇ ಹಿತ್ತಲಲ್ಲಿ ಮೊಣಕಾಲು ಆಳಕ್ಕೆ ಅಗೆದರು. ಕಲ್ಲುಗಳನ್ನು ಒಂದೊಂದಾಗಿ ಕೈಯಿಂದ ಆರಿಸಿ ಎಸೆದರು. ಮರಳು, ಮರದ ಹೊಟ್ಟು ಬೆರೆಸಿ ತುಂಬಿ, ಮೇಲೆ ಒಣಮಣ್ಣು ಉದುರಿಸಿದರು. ಈಗ ಅಗೆದದ್ದು ಯಾವುದು ಗಟ್ಟಿ ನೆಲ ಯಾವುದು ಗೊತ್ತಾಗುವ ಹಾಗಿರಲಿಲ್ಲ. ಕ್ಯಾಮೆರಾಗೆ ಗೊತ್ತಾಗಬಾರದು, ಆದರೆ ಬೀಳುವವನಿಗೂ ಗೊತ್ತಾಗುವುದಿಲ್ಲವಲ್ಲ. ಅದಕ್ಕೆ ಹಳ್ಳದ ಅಂಚಿಗೆ ಒಂದು ಸೇಜ್ ಗಿಡ ಕಿತ್ತು ತಂದು ನೆಟ್ಟರು. ಬೂದು ಬಣ್ಣದ, ಎಲ್ಲ ಕಡೆ ಬೆಳೆಯುವ ಗಿಡ, ಯಾರೂ ತಿರುಗಿ ನೋಡುವುದಿಲ್ಲ.

"ಇದು ಗುರುತಿನ ಗಿಡ" ಎಂದು ಬ್ರಿಂಡಿಗೆ ಹೇಳಿದರು. "ಗಿಡ ಕಾಲಿಗೆ ತಾಗಿತು ಅಂದ್ರೆ ಬೀಳು. ಅದಕ್ಕಿಂತ ಮುಂಚೆ ಬೀಳಬೇಡ, ಆಮೇಲೆ ಬೀಳಬೇಡ. ಬೀಳೋನ ಗಿಡಾನ ಬೀಳೋನು ಬಿಟ್ಟು ಬೇರೆ ಯಾರೂ ಮುಟ್ಟಕೂಡದು. ಅಮ್ಮ ಮುಟ್ಟಿದ್ರೂ ಕೈ ಮೇಲೆ ಹೊಡಿ."

ಬ್ರಿಂಡಿ ನನ್ನನ್ನು ನೋಡಿ, ಹೊಡೆಯಲು ಈಗಲೇ ಸಿದ್ಧವಾಗಿ ಕೈ ಎತ್ತಿದಳು.

ಒಂದು ವಾರ ಅವಳು ಬಿದ್ದಳು. ನಾನು ಕಿಟಕಿಯ ಹಿಂದೆ ನಿಂತು ಉಗುರು ಕಚ್ಚಿದೆ. ಒಂದು ಗೀರು ಸಹ ಆಗಲಿಲ್ಲ. ಮಾವ ಹೊಗಳುವವರಲ್ಲ. "ಹಂದಿ ಬಿದ್ದ ಹಾಗೆ ಬಿದ್ದೆ, ಏಳು" ಅನ್ನುತ್ತಿದ್ದರು. ಅವಳಿಗೆ ಅದೇ ಹೊಗಳಿಕೆ.

ಹಬ್ಬದ ತಾಲೀಮಿನ ಹಿಂದಿನ ದಿನ ಮಧ್ಯಾಹ್ನ, ನಾನು ಟ್ರೈಲರಿಗೆ ಒಗೆದ ಬಟ್ಟೆ ಕೊಡಲು ಹೋದಾಗ ಇಬ್ಬರೂ 'ಏಳು ಬಾವಿಗಳ ದಾರಿ'ಯ ಕ್ಯಾಸೆಟ್ ನೋಡುತ್ತಿದ್ದರು. ಮಾವನ ಮಾತು ಬಂದು ಹೋಗಿತ್ತು, ಮಾವ ಸತ್ತು ಆಗಿತ್ತು. ಆದರೂ ಅವರು ಟೀವಿಯ ಹತ್ತಿರಕ್ಕೆ ಬಾಗಿ ಕೂತಿದ್ದರು. ತೆರೆಯ ಮೇಲೆ ಒಂದು ಕಂದು ಹೆಣ್ಣುಕುದುರೆ ಕಲ್ಲಿನ ತೊಟ್ಟಿಯಿಂದ ನೀರು ಕುಡಿಯುತ್ತಿತ್ತು. ಕುಡಿಯುತ್ತಲೇ ಇತ್ತು. ಬೇರೇನೂ ನಡೆಯುತ್ತಿರಲಿಲ್ಲ. ಕತ್ತರಿಸಲು ಮರೆತ ದೃಶ್ಯವಿರಬೇಕು. ಕುದುರೆ ತಲೆ ಎತ್ತಿ, ತುಟಿಯಿಂದ ನೀರು ಸುರಿಸುತ್ತಾ, ಈ ಕಡೆಗೇ ನೋಡಿತು.

"ಇದೇ ಜೂನ್" ಎಂದರು ಮಾವ. "ಇವಳಿಗೆ ಬೀಳೋದು ನಾನೇ ಕಲಿಸಿದ್ದು. ಲಗಾಮು ಹೀಗೆ ಎಳೆದ್ರೆ ಸಾಕು, ಭುಜ ಕೊಟ್ಟು ಮಲಗಿಬಿಡ್ತಿದ್ದಳು, ಹಾಸಿಗೆ ಮೇಲೆ ಮಲಗಿದ ಹಾಗೆ."

"ಟ್ಯಾಂಕಿನ ಮೇಲಿನ ಕುದುರೆ ಇದೇನಾ ತಾತ?"

"ಹೂಂ."

"ಅದನ್ನ ಹಾಕು."

ಮಾವ ಹಾಕಲಿಲ್ಲ. ಅವಳೇ ಹಾಕಿದಳು. ಹಬ್ಬದವರು ಊರ ಮನೆಮನೆಗೂ ಹಂಚಿದ್ದ ಕ್ಯಾಸೆಟ್, ಸುತ್ತಿದ ಹಾಳೆ ಸಹ ಬಿಚ್ಚಿರಲಿಲ್ಲ. ಬೀಳು ಬಂತು. ಬ್ರಿಂಡಿ ಚಪ್ಪಾಳೆ ತಟ್ಟಿದಳು. ಹಿಂದಕ್ಕೆ ಓಡಿಸಿದಳು. ಜೂನ್ ನೆಲದಿಂದ ಎದ್ದು, ಹಿಮ್ಮುಖವಾಗಿ ಓಡಿ, ನಿಂತು, ಮತ್ತೆ ಬಂದು ಬಿದ್ದಿತು. ಮತ್ತೆ ಹಿಂದಕ್ಕೆ. ಮತ್ತೆ ಎದ್ದಿತು, ಮತ್ತೆ ಬಿದ್ದಿತು. ನಾನು ಬಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ.

"ಇದರಲ್ಲಿ ಅವಳು ಚೆನ್ನಾಗಿ ಬಿದ್ದಿದ್ದಾಳೆ ತಾತ."

"ಇದರಲ್ಲಿ ಅವಳು ಬಿದ್ದಿಲ್ಲ. ಸತ್ತಿದ್ದಾಳೆ. ನೋಡು, ಕಾಲು ಒದೀತಾ ಇದೆಯಲ್ಲ, ಅದನ್ನ ಯಾರೂ ಕಲಿಸಿದ್ದಲ್ಲ."

"ಮಾವಾ, ಅವಳು ಮಗು" ಅಂದೆ.

"ಬೀಳ್ತಾಳಲ್ಲ. ಗೊತ್ತಿರಲಿ" ಅಂದರು. ಬ್ರಿಂಡಿ ಗುಂಡಿ ಒತ್ತುವುದನ್ನು ನಿಲ್ಲಿಸಿದ್ದಳು. ಅವರು ಅವಳಿಗೇ ಹೇಳಿದರು, ನನಗಲ್ಲ. ಆ ದೃಶ್ಯ ತೆಗೆದ ದಿನ ಬೆಳಿಗ್ಗೆ ನೆಲ ಅಗೆದು, ಗಿಡ ನೆಟ್ಟು, ತಾವೇ ನಡೆದು ನೋಡಿದ್ದರಂತೆ. ಊಟಕ್ಕೆ ಬಿಟ್ಟಾಗ ನಿರ್ದೇಶಕ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿ, ಉರಿಯುವ ಬಂಡಿಗೆ ಆ ಗಿಡ ಅಡ್ಡ ಅಂದನಂತೆ. ಯಾರೋ ಕಿತ್ತು ಪಕ್ಕದಲ್ಲಿ, ಚೆನ್ನಾಗಿ ಕಾಣುವ ಕಡೆ ನೆಟ್ಟರು. ಅದರ ಕೆಳಗೆ ಹಾಸುಬಂಡೆ. ಮಾವ ಕುದುರೆ ಓಡಿಸಿಕೊಂಡು ಬಂದರು, ಗಿಡ ಕಂಡಿತು, ಲಗಾಮು ಎಳೆದರು. ಜೂನ್ ಭುಜ ಕೊಟ್ಟಳು.

"ಯಾರು ಕಿತ್ತಿದ್ದು?" ಎಂದು ಬ್ರಿಂಡಿ ಕೇಳಿದಳು.

"ಯಾರು ಕಿತ್ತರೂ ಬೀಳೋನು ಊಟ ಆದ್ಮೇಲೆ ಇನ್ನೊಂದು ಸಲ ನಡೆದು ನೋಡಬೇಕು. ನಾನು ಪಾಯಸದ ಬಟ್ಟಲು ನೆಕ್ತಾ ಕೂತಿದ್ದೆ."

ಆ ಬೀಳನ್ನು ಸಿನಿಮಾದವರು ಹಾಗೇ ಇಟ್ಟುಕೊಂಡರು. ಅವತ್ತು ಸೆಟ್ಟಿನಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರಂತೆ. ಮಾವ ಸೊಂಟ ಮುರಿದುಕೊಂಡು ಕುದುರೆಯ ಅಡಿಯಲ್ಲಿದ್ದರು.

ಮರುದಿನ ಬಯಲಲ್ಲಿ ತಾಲೀಮು. ಅಂಗಡಿಯ ಪಿಂಡಿಗಳ ಮೇಲಿನ ಗಂಡಸರೆಲ್ಲ ಅವತ್ತು ಅಲ್ಲಿದ್ದರು, ಹೆಂಡಿರೂ ಮಕ್ಕಳೂ ಬಂದಿದ್ದರು. ಲಮಾರ್‌ನ ಆಳುಗಳು ಬೆಳಿಗ್ಗೆಯೇ ನೆಲ ಅಗೆದು ಮರಳು ತುಂಬಿದ್ದರು. ಮಾವ ಸೊಂಟ ಎಳೆದುಕೊಂಡು ಅದರ ಮೇಲೆ ಹೆಜ್ಜೆ ಹೆಜ್ಜೆಗೂ ನಿಂತು ನಡೆದರು, ತಾವೇ ಗಿಡ ನೆಟ್ಟರು. ಬ್ರಿಂಡಿ ಮರಿ ಕುದುರೆಯ ಮೇಲೆ ದೂರದಲ್ಲಿ ಕೂತು ಕೈ ಬೀಸುತ್ತಿದ್ದಳು.

ಲಮಾರ್ ಜನ ಕೂರುವ ಕಡೆ ಹೋಗಿ ನಿಂತು, ಕಣ್ಣು ಕಿರಿದು ಮಾಡಿ ನೋಡಿದರು. ಹಬ್ಬದ ಫಲಕಕ್ಕೆ ಗಿಡ ಅಡ್ಡ ಬರುತ್ತಿತ್ತು. ಅವರು ಬಂದು ಗಿಡ ಕಿತ್ತರು. ಎರಡು ಮಾರು ಆಚೆ, ಅಗೆಯದ ಗಟ್ಟಿ ನೆಲದಲ್ಲಿ ನೆಟ್ಟು, ಹಿಂದೆ ಸರಿದು, ತಲೆ ವಾರೆ ಮಾಡಿ ನೋಡಿದರು. ಬೆರಳಿನಿಂದ ಅದರ ಒಂದು ರೆಂಬೆಯನ್ನು ಸರಿಮಾಡಿದರು.

ಮಾವನನ್ನು ನೋಡಿದೆ. ಅವರು ಗಿಡವನ್ನು ನೋಡುತ್ತಿರಲಿಲ್ಲ. ಲಮಾರ್‌ನ ಕೈ ನೋಡುತ್ತಿದ್ದರು. ಮೊದಲೊಮ್ಮೆ ನೋಡಿದ್ದ ಕೈಯನ್ನು ನೋಡುವ ಹಾಗೆ.

ಹೋಗಿ ಗಿಡ ಕಿತ್ತು ಮೊದಲಿನ ಜಾಗದಲ್ಲೇ ನೆಟ್ಟರು.

"ಏ ವರ್ಲ್, ಅಲ್ಲಿ ಅಡ್ಡ ಬರುತ್ತಯ್ಯಾ" ಎಂದು ಮೈಕಿನಲ್ಲೇ ಅಂದರು ಲಮಾರ್. ಮತ್ತೆ ಕಿತ್ತು ಆಚೆ ನೆಟ್ಟರು. "ಮುದುಕನಿಗೆ ಗಿಡದ ಮೇಲೆ ಮೋಹ ಬಂದಿದೆ. ಹೆಂಡತಿ ಹೋಗಿ ಬಹಳ ವರ್ಷ ಆಯ್ತಲ್ಲ."

ಜನ ನಕ್ಕರು. ಮಾವ ಇನ್ನೊಂದು ಸಲ ತಂದು ನೆಟ್ಟರು. ಲಮಾರ್ ಇನ್ನೊಂದು ಸಲ ಒಯ್ದರು. ಈಗ ಇದೇ ಆಟವಾಗಿ, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಥೇನ್ ಸಹ ನಗುತ್ತಿದ್ದ. "ಥೇನ್, ಗಿಡ" ಅಂದೆ. "ಗಿಡಕ್ಕೇನಾಯ್ತು?" ಅಂದ. ಅಂದವನು ಮತ್ತೆ ಆ ಕಡೆ ತಿರುಗಿ ನಕ್ಕ.

ಆಗ ಮಾವ ಬ್ರಿಂಡಿಯ ಹತ್ತಿರ ಹೋದರು. ಅವಳನ್ನು ಕಂಕುಳಲ್ಲಿ ಕೈ ಹಾಕಿ ಎತ್ತಿ ಕೆಳಗಿಳಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ನಿನಗೆ ಬೀಳೋಕೆ ಬರಲ್ಲ. ಒಂದು ವಾರ ನೋಡಿದೆ. ಗೋಣಿಚೀಲ ಇನ್ನೂ ಚೆನ್ನಾಗಿ ಬೀಳುತ್ತೆ. ನಿನ್ನ ನೋಡಿ ಜನ ನಗ್ತಾರೆ. ಮನೆಗೆ ಹೋಗು."

ಬ್ರಿಂಡಿಯ ಮುಖ ಮೊದಲು ಬಿಳಿಚಿತು, ಆಮೇಲೆ ಸೊಟ್ಟಗಾಯಿತು. ಅಷ್ಟು ಜನರ ಮುಂದೆ ಅವಳು ಮಣ್ಣಿನಲ್ಲಿ ಕೂತು ಅತ್ತಳು. ಒಂದು ಕಣ್ಣು ತೆರೆದು ನನ್ನನ್ನು ನೋಡಲಿಲ್ಲ, ಎರಡೂ ಕಣ್ಣು ಮುಚ್ಚಿಕೊಂಡಿದ್ದಳು. ಯಾರೂ ನಗಲಿಲ್ಲ. ಎಲ್ಲರೂ ಮಾವನನ್ನು ಬೈದರು. ಮಗುವಿನ ಮೇಲೆ ಹೊಟ್ಟೆಕಿಚ್ಚು, ತನ್ನ ಜಾಗ ಹೋಯಿತೆಂಬ ಸಂಕಟ, ಮುಪ್ಪಿಗೆ ನಾಚಿಕೆಯಿಲ್ಲ ಅಂದರು. ಥೇನ್ ಅವಳನ್ನು ಎತ್ತಿಕೊಂಡು, "ನೀನು ಅಪ್ಪನಾಗಿದ್ದೂ ಹೀಗೇ, ತಾತನಾಗಿಯೂ ಹೀಗೇ" ಎಂದು ಅವರ ಮುಖಕ್ಕೇ ಅಂದ. ಮಾವ ಕುದುರೆಯ ಜೀನಿನ ಪಟ್ಟಿ ಸಡಿಲಿಸುತ್ತಾ ನಿಂತಿದ್ದರು.

ಸಂಜೆ ಟ್ರೈಲರಿಗೆ ಹೋದೆ. ಅವರು ಬೂಟು ಬಿಚ್ಚುತ್ತಿದ್ದರು.

"ನಿಜಾನೇ ಹೇಳಬಹುದಿತ್ತಲ್ಲ ಮಾವ?"

"ಹೇಳಿದ್ರೆ ನಗ್ತಿದ್ರು. ನಗ್ತಾ ನಗ್ತಾ ಅವಳನ್ನ ಓಡಿಸ್ತಿದ್ರು. ಮಗು ಅತ್ತರೆ ನಿಲ್ಲಿಸ್ತಾರೆ."

"ಅವಳು ನಿಮ್ಮನ್ನ ಇನ್ನು ಮಾತಾಡಿಸಲ್ಲ ಅಂತಿದ್ದಾಳೆ."

"ಕತ್ತು ನೆಟ್ಟಗಿದೆಯಲ್ಲ, ಮಾತಾಡದಿದ್ರೆ ಬೇಡ."

"ನಾಳೆ ಮತ್ತೆ ಕರೆದುಕೊಂಡು ಬನ್ನಿ ಅಂದಿದ್ದಾರೆ ಲಮಾರ್. ತಾತ ಇಲ್ಲದೆ. ಥೇನ್ ಹೂಂ ಅಂದಿದ್ದಾನೆ. ಅವಳೂ ಹೋಗ್ತೀನಿ ಅಂತಿದ್ದಾಳೆ, ನಿಮಗೆ ತೋರಿಸಬೇಕಂತೆ."

ಬೂಟು ಅವರ ಕೈಯಲ್ಲೇ ನಿಂತಿತು. ಇಷ್ಟೂ ಮಾಡಿ ಉಳಿಸಿದ್ದು ಒಂದೇ ರಾತ್ರಿ ಎಂದು ಅವರಿಗೆ ಗೊತ್ತಾಗುವುದನ್ನು ನಾನು ನಿಂತು ನೋಡಿದೆ.

"ಅವತ್ತು ಗಿಡ ಕಿತ್ತಿದ್ದೂ ಲಮಾರೇನಾ ಮಾವ?"

ಬೂಟು ಕೆಳಗಿಟ್ಟು, "ಪಾಯಸ ತಿಂತಾ ಕೂತಿದ್ದವನು ಇನ್ನೊಬ್ಬನ ಮೇಲೆ ಬೆರಳು ತೋರಿಸೋ ಹಾಗಿಲ್ಲ" ಅಂದರು. ಆಮೇಲೆ ನನ್ನ ಕಡೆ ನೋಡದೆಯೇ, "ಪಟ್ಟಣದಮ್ಮಾ, ನೀನು ಪಾಯಸ ತಿಂದಿಲ್ಲ" ಅಂದರು.

ಮನೆಗೆ ಬಂದೆ. ಥೇನ್ ಬ್ರಿಂಡಿಗೆ ಅಂಗಿ ತೊಡಿಸುತ್ತಿದ್ದ, ನಾಳೆ ಹೇಗೆ ಬೀಳಬೇಕು ಅಂತ ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು. ಫ್ರಿಜ್ಜಿನ ಬಾಗಿಲಿನ ಚೀಟಿ ನೋಡಿ ನಂಬರ್ ಒತ್ತಿದೆ.

"ಹೇಳಿ ಸಿಸ್ಟರ್ ಹೆಮಿಂಗ್. ನಮ್ಮ ಪುಟ್ಟರಾಣಿ ಅಳು ನಿಲ್ಲಿಸಿದಳಾ?"

"ಬ್ರಿಂಡಿ ಬರಲ್ಲ."

"ಅಯ್ಯೋ, ಆ ಮುದಿಯನ ಮಾತಿಗೆಲ್ಲ..."

"ಅವರ ಮಾತಿಗಲ್ಲ. ನೀವು ಗಿಡ ಕಿತ್ತಿದ್ದಕ್ಕೆ."

ಆ ಕಡೆ ಯಾರೋ ತಟ್ಟೆ ಜೋಡಿಸುವ ಸದ್ದು. ಅವರು ಬಾಗಿಲು ಮುಚ್ಚಿಕೊಂಡಿರಬೇಕು, ಸದ್ದು ನಿಂತಿತು.

"ಅಡ್ಡ ಬರ್ತಿತ್ತಮ್ಮಾ. ಏನೂ ಕಾಣ್ತಿರಲಿಲ್ಲ."

"ಇವತ್ತಾ? ಅವತ್ತಾ?"

ಅಡುಗೆಮನೆಯ ಬಾಗಿಲಲ್ಲಿ ಥೇನ್ ಬಂದು ನಿಂತಿದ್ದ.

"ನನಗೆ ಹೇಳಿದ್ರು, ನಾನು ಮಾಡಿದೆ" ಎಂದರು ಲಮಾರ್, ನಿಧಾನವಾಗಿ. "ಆ ಸಿನಿಮಾ ಇಲ್ಲದಿದ್ರೆ ಈ ಊರಿಗೆ ಯಾರು ಬರ್ತಿದ್ರು, ಹೇಳಿ. ಹೋಗಿದ್ದು ಒಂದು ಕುದುರೆ ಅಷ್ಟೇ." ಆಮೇಲೆ ಅಂಗಡಿಯಲ್ಲಿ ಓಟ್ಸ್ ತೂಗುವಾಗಿನ ದನಿಯಲ್ಲಿ, "ಥೇನ್‌ಗೆ ಹೇಳಿಬಿಡಿ, ಸೋಮವಾರದಿಂದ ಅಂಗಡಿಗೆ ಬರೋದು ಬೇಡ" ಅಂದರು.

"ಇಲ್ಲೇ ನಿಂತಿದ್ದಾನೆ" ಅಂದೆ. "ನೀವೇ ಹೇಳಿ. ಯಾಕೆ ಅನ್ನೋದನ್ನೂ ಹೇಳಿ."

ಫೋನನ್ನು ಥೇನ್ ಕಡೆ ಚಾಚಿದೆ.